ಮೊದಲ ಕೆಲಸದ ಡೆಮೊ ಪಾಠ: ಬೋಧನಾಭ್ಯಾಸ ಎಲ್ಲಿ ಕೈಕೊಡುತ್ತದೆ?

ನಾನು ಸುಂಕದಕಟ್ಟೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ನಮ್ಮಲ್ಲಿಗೆ ಬಂದಾಗ ಅವರ ಮಾರ್ಗದರ್ಶಕ ಶಿಕ್ಷಕಿಯಾಗಿರುತ್ತೇನೆ. ಇದರ ಜೊತೆಗೆ, ಕಳೆದ ನಾಲ್ಕು ವರ್ಷಗಳಿಂದ ನಮ್ಮ ಶಾಲೆಗೆ ಕೆಲಸ ಕೇಳಿಕೊಂಡು ಬರುವವರ ಡೆಮೊ ಪಾಠ ನೋಡುವ ಮೂವರಲ್ಲಿ ನಾನೂ ಒಬ್ಬಳು. ಅಂದರೆ ಅದೇ ತರಗತಿಯ ಅದೇ ಹಿಂದಿನ ಬೆಂಚಿನಲ್ಲಿ ಕೂತು ಡಿಸೆಂಬರ್‌ನಲ್ಲಿ ಬೋಧನಾಭ್ಯಾಸದ ಪಾಠಕ್ಕೆ ಅಂಕ ಹಾಕುತ್ತೇನೆ, ಜೂನ್‌ನಲ್ಲಿ ಡೆಮೊ ಪಾಠದ ಹಾಳೆಯ ಮೇಲೆ ‘ಬೇಕು’ ಅಥವಾ ‘ಬೇಡ’ ಎಂದು ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಒಳ್ಳೆಯ ಅಂಕ ತೆಗೆದುಕೊಂಡ ಮಕ್ಕಳು (ಪ್ರಶಿಕ್ಷಣಾರ್ಥಿಗಳನ್ನು ಮಕ್ಕಳು ಎನ್ನುವ ಅಭ್ಯಾಸ ನನಗೂ ಬಂದುಬಿಟ್ಟಿದೆ, ಕ್ಷಮಿಸಿ) ಜೂನ್‌ನಲ್ಲಿ ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಯಾಕೆ ಹೀಗಾಗುತ್ತದೆ ಎಂದು ವಿವರಿಸಲು ಈ ಬರಹ. ನನ್ನದೇ ಸೋಲಿನಿಂದ ಆರಂಭಿಸುವುದು ಸುಲಭ.

ನಮ್ಮದು 2015–17ರ ತಂಡ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಬಿ.ಎಡ್. ಎರಡು ವರ್ಷವಾಯಿತಲ್ಲ, ಅದರ ಮೊದಲ ತಂಡ. ಒಂದೇ ವರ್ಷದಲ್ಲಿ ಮುಗಿಸಿ ಕೆಲಸಕ್ಕೆ ಸೇರಿದ್ದ ಅಕ್ಕಂದಿರನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಲೇ ಓದಿದೆವು. 2017ರ ಜುಲೈ ಮೊದಲ ವಾರ ನಾನು ಮಾಗಡಿ ರಸ್ತೆಯಲ್ಲಿ ಕೈಯಲ್ಲೊಂದು ಫೈಲು ಹಿಡಿದು ಹೊರಟೆ. ನಾಲ್ಕನೇ ಸೆಮಿಸ್ಟರಿನ ಫಲಿತಾಂಶ ಬಂದಿರಲಿಲ್ಲ. ಶಾಲೆಗಳು ಆಗಲೇ ತೆರೆದು ತಿಂಗಳಾಗಿತ್ತು. ಸುಮನಹಳ್ಳಿಯಿಂದ ಬ್ಯಾಡರಹಳ್ಳಿಯವರೆಗೆ, ಬಲಗಡೆಗೆ ಹೆಗ್ಗನಹಳ್ಳಿಯ ಒಳರಸ್ತೆಗಳಲ್ಲಿ, ಕಂಡ ಕಂಡ ಶಾಲೆಯ ಗೇಟಿನಲ್ಲಿ ವಾಚ್‌ಮನ್ನಿಗೆ ಸ್ವವಿವರ ಕೊಟ್ಟೆ. ಹೆಸರೇ ಹೇಳುವ ಹಾಗೆ ಒಂದು ಕಾಲದಲ್ಲಿ ಸುಂಕ ಕಟ್ಟಿ ಮುಂದೆ ಹೋಗಬೇಕಾಗಿದ್ದ ಊರು ಇದು. ನಾನೂ ಕಟ್ಟಿದೆ ಅನ್ನಿ.

ಒಂದು ಶಾಲೆಯಿಂದ ಮರುದಿನವೇ ಫೋನ್ ಬಂತು. ಏಳನೇ ತರಗತಿ, ಇಪ್ಪತ್ತು ನಿಮಿಷ, ವಿಷಯ ಉಷ್ಣದ ವರ್ಗಾವಣೆ. ರಾತ್ರಿಯೆಲ್ಲ ಕೂತು ಚಾರ್ಟ್ ಬರೆದೆ. ವಹನ, ಸಂವಹನ, ವಿಕಿರಣ, ಮೂರಕ್ಕೂ ಮೂರು ಬಣ್ಣ. ಪಾಠಯೋಜನೆಯನ್ನು ಕಾಲೇಜಿನ ನಮೂನೆಯಲ್ಲೇ ಬರೆದು ಮೂರು ಪ್ರತಿ ಮಾಡಿಸಿದೆ. ಪಾಠ ಸರಾಗವಾಗಿ ಶುರುವಾಯಿತು. ಚಳಿಗೆ ಸ್ವೆಟರ್ ಯಾಕೆ ಹಾಕುತ್ತೇವೆ ಎಂದು ಕೇಳಿದೆ. ಎರಡನೇ ಸಾಲಿನ ಒಬ್ಬ ಹುಡುಗ ಎದ್ದು, “ಸ್ವೆಟರ್ ಬಿಸಿ ಕೊಡುತ್ತೆ ಮಿಸ್” ಎಂದ. ನನ್ನ ಯೋಜನೆಯಲ್ಲಿ ಆ ಪ್ರಶ್ನೆಗೆ ಇದ್ದ ‘ನಿರೀಕ್ಷಿತ ಉತ್ತರ’ ಬೇರೆ. “ಅಲ್ಲ, ಕೂತ್ಕೊ. ಬೇರೆ ಯಾರು?” ಎಂದೆ. ಇನ್ನೊಬ್ಬಳು ಪುಸ್ತಕದಲ್ಲಿದ್ದದ್ದನ್ನು ಹೇಳಿದಳು. “ವೆರಿ ಗುಡ್” ಎಂದು ಚಾರ್ಟಿನ ಕಡೆ ತಿರುಗಿದೆ. ಹತ್ತೊಂಬತ್ತನೇ ನಿಮಿಷಕ್ಕೆ ಮೌಲ್ಯಮಾಪನದ ಪ್ರಶ್ನೆ, ಇಪ್ಪತ್ತಕ್ಕೆ ಮನೆಗೆಲಸ. ಗಡಿಯಾರ ನೋಡಿ ನನಗೇ ಹೆಮ್ಮೆಯಾಯಿತು.

ಮುಖ್ಯೋಪಾಧ್ಯಾಯಿನಿ ಕೋಣೆಗೆ ಕರೆದು ನೀರು ಕೊಟ್ಟರು. “ಚಾರ್ಟ್ ಚೆನ್ನಾಗಿತ್ತು. ಆ ಎರಡನೇ ಸಾಲಿನ ಹುಡುಗ ಏನಂದ?” ಎಂದು ಕೇಳಿದರು. ನನಗೆ ನೆನಪಾಗಲಿಲ್ಲ. ಹುಡುಗ ಎದ್ದದ್ದು ನೆನಪಿತ್ತು, ಅವನ ಮಾತು ನೆನಪಿರಲಿಲ್ಲ. ಅವರು ಮತ್ತೇನೂ ಕೇಳದೆ, “ಆಯ್ತಮ್ಮ, ತಿಳಿಸ್ತೀವಿ” ಎಂದರು. ತಿಳಿಸಲಿಲ್ಲ.

ಆ ಹುಡುಗ ಹೇಳಿದ್ದು ದಡ್ಡತನದ ಮಾತಲ್ಲ. ಸ್ವೆಟರ್ ತಾನೇ ಬಿಸಿ ಉಂಟುಮಾಡುತ್ತದೆ ಎನ್ನುವುದು ಏಳನೇ ತರಗತಿಯ ಬಹುಪಾಲು ಮಕ್ಕಳು ಮನಸ್ಸಿನಲ್ಲೇ ಇಟ್ಟುಕೊಂಡಿರುವ ನಂಬಿಕೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅವಾಹಕ, ಅದು ಮೈಯ ಬಿಸಿಯನ್ನು ಹೊರಗೆ ಹೋಗಗೊಡುವುದಿಲ್ಲ, ಸ್ವೆಟರಿಗೆ ಸ್ವಂತ ಬಿಸಿ ಇಲ್ಲ: ಪಾಠವೆಂದರೆ ಇಷ್ಟೇ. ಪಾಠದ ಬಾಗಿಲನ್ನು ಆ ಹುಡುಗ ತೆಗೆದುಕೊಟ್ಟಿದ್ದ, ನಾನು ಮುಚ್ಚಿ ಕೂರಿಸಿದೆ. “ಹಾಗಾದರೆ ಐಸ್ ತುಂಡನ್ನು ಸ್ವೆಟರಿನಲ್ಲಿ ಸುತ್ತಿಟ್ಟರೆ ಬೇಗ ಕರಗುತ್ತದೋ, ನಿಧಾನವಾಗಿಯೋ?” ಎಂಬ ಒಂದೇ ಪ್ರಶ್ನೆ ಸಾಕಾಗಿತ್ತು.

ಇನ್ನು ವಿವರಣೆಗೆ ಬರುತ್ತೇನೆ. ಬೋಧನಾಭ್ಯಾಸದ ಪಾಠ ಮತ್ತು ಡೆಮೊ ಪಾಠ ನೋಡಲು ಒಂದೇ ಥರ ಇವೆ. ಎರಡರಲ್ಲೂ ಹಿಂದೆ ಒಬ್ಬರು ಪೆನ್ನು ಹಿಡಿದು ಕೂತಿರುತ್ತಾರೆ. ಆದರೆ ಬೋಧನಾಭ್ಯಾಸದಲ್ಲಿ ಹಿಂದೆ ಕೂತವರ ಕೈಯಲ್ಲಿ ನಿಮ್ಮ ಪಾಠಯೋಜನೆ ಇರುತ್ತದೆ. ಅವರ ಕಣ್ಣು ಯೋಜನೆಗೂ ನಿಮಗೂ ನಡುವೆ ಓಡಾಡುತ್ತದೆ. ಪೀಠಿಕೆ ಆಯಿತೇ, ಉದ್ದೇಶ ಕಥನ ಆಯಿತೇ, ಕಪ್ಪುಹಲಗೆಯ ಸಾರಾಂಶ ಬಂತೇ ಎಂದು ಟಿಕ್ ಮಾಡುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ, ನಮೂನೆ ಹಾಗಿದೆ. ಮಕ್ಕಳಿಗೂ ಈ ಆಟ ಗೊತ್ತು. ಹದಿನಾರು ವಾರ ನಿಮ್ಮನ್ನು ನೋಡಿದ ತರಗತಿ, ಹಿಂದೆ ಮೇಡಂ ಬಂದು ಕೂತ ದಿನ ತಾನಾಗಿಯೇ ನಿಮ್ಮನ್ನು ಕಾಪಾಡುತ್ತದೆ. ‘ನಿರೀಕ್ಷಿತ ಉತ್ತರ’ ಯಾರಿಗೆ ಗೊತ್ತೋ ಅವರೇ ಕೈಯೆತ್ತುತ್ತಾರೆ. ಡೆಮೊದಲ್ಲಿ ಆ ಕೃಪೆ ಇಲ್ಲ. ಹೆಸರು ಗೊತ್ತಿಲ್ಲದ ಮಕ್ಕಳು, ಪಾಠ ಎಲ್ಲಿಯವರೆಗೆ ಆಗಿದೆಯೋ ಗೊತ್ತಿಲ್ಲ, ಹಿಂದೆ ಕೂತವರು ನಿಮ್ಮ ಯೋಜನೆಯ ಪ್ರತಿಯನ್ನು ಮಡಚಿ ಪಕ್ಕಕ್ಕಿಟ್ಟಿರುತ್ತಾರೆ. ಅವರು ನೋಡುವುದು ಮಕ್ಕಳ ಮುಖ.

ನಾನು ನೋಡುವುದು ಏನು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ತಪ್ಪು ಉತ್ತರ ಬಂದ ಮೇಲಿನ ಹತ್ತು ಸೆಕೆಂಡು. ಅಭ್ಯರ್ಥಿ ಆ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ, ಮರುಪ್ರಶ್ನೆ ಕೇಳಿದರೋ, ಅಥವಾ “ಬೇರೆ ಯಾರು?” ಎಂದರೋ. ಉಳಿದದ್ದನ್ನೆಲ್ಲ ನಾವು ಜೂನ್‌ನಿಂದ ಆಗಸ್ಟ್‌ವರೆಗೆ ಕಲಿಸಿಕೊಳ್ಳಬಹುದು: ಧ್ವನಿ, ಹಲಗೆಯ ಮೇಲಿನ ಬರಹ, ಶಿಸ್ತು. ಕೇಳಿಸಿಕೊಳ್ಳುವ ಅಭ್ಯಾಸವನ್ನು ಕಲಿಸಲು ಶಾಲೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಕಾಲೇಜಿನಲ್ಲಿ ನಾವು ಕಲಿಯುವ ವಿಷಯಗಳ ಪೈಕಿ ಡೆಮೊಗೆ ಅತಿ ಹತ್ತಿರದ್ದು ಸೂಕ್ಷ್ಮ ಬೋಧನೆ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತವರ ಸಂಗಡಿಗರು ರೂಪಿಸಿದ ಈ ಕ್ರಮದ ಭಾರತೀಯ ಮಾದರಿ 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಅತಿ ಹೆಚ್ಚು ಸಮಯ ಮರುಯೋಜನೆಗೆ ಇದೆ ಎಂಬುದನ್ನು ಗಮನಿಸಿ. ಆದರೆ ನಡೆಯುವುದು ಏನು? ಸಹಪಾಠಿಗಳೇ ಏಳನೇ ತರಗತಿಯ ಮಕ್ಕಳಾಗಿ ನಟಿಸುತ್ತಾರೆ, ಸರಿ ಉತ್ತರ ಹೇಳಿ ಗೆಳತಿಯನ್ನು ದಡ ಹಾಯಿಸುತ್ತಾರೆ, ಹಿಮ್ಮಾಹಿತಿ ಹಾಳೆಯಲ್ಲಿ ‘ಉತ್ತಮ’ ಬರೆಯುತ್ತಾರೆ, ಮರುಬೋಧನೆ ದಾಖಲೆ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ನಾನೂ ಹಾಗೆ ಬರೆದವಳೇ. ‘ಪರಿಶೋಧಕ ಪ್ರಶ್ನೆ ಕೇಳುವ ಕೌಶಲ’ಕ್ಕೆ ನನಗೆ ಪೂರ್ಣ ಅಂಕ ಬಂದಿತ್ತು. ಆ ಹುಡುಗನ ಎದುರು ಬೇಕಾಗಿದ್ದದ್ದು ಅದೇ ಕೌಶಲ.

ಎರಡನೇ ಡೆಮೊ ಹದಿನೈದು ದಿನದ ಮೇಲೆ ಇನ್ನೊಂದು ಶಾಲೆಯಲ್ಲಿ. ಹಟಕ್ಕೆ ಅದೇ ವಿಷಯ ತೆಗೆದುಕೊಂಡೆ, ಚಾರ್ಟ್ ಒಯ್ಯಲಿಲ್ಲ. ಬೇಕರಿಯಿಂದ ಎರಡು ಐಸ್ ತುಂಡು ಮತ್ತು ತಮ್ಮನ ಹಳೆಯ ಸ್ವೆಟರ್ ಒಯ್ದೆ. ಅಲ್ಲೂ ಅದೇ ಉತ್ತರ ಬಂತು. ಒಂದು ತುಂಡನ್ನು ತಟ್ಟೆಯಲ್ಲಿಟ್ಟು, ಇನ್ನೊಂದನ್ನು ಸ್ವೆಟರಿನಲ್ಲಿ ಸುತ್ತಿ, ಯಾವುದು ಮೊದಲು ಕರಗುತ್ತದೆ ಎಂದು ಕೈ ಎತ್ತಿಸಿದೆ. ಹೆಚ್ಚು ಕೈ ಸ್ವೆಟರಿಗೇ ಎದ್ದವು. ಕಿಟಕಿಯ ಬಳಿಯ ಹುಡುಗಿಯೊಬ್ಬಳು ಮಾತ್ರ ಕೈ ಎತ್ತದೆ, “ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ ಮಿಸ್. ಅಲ್ಲಿ ಉಲ್ಲನ್ ಬಟ್ಟೆ ರಾಶಿ ಬಿದ್ದಿರುತ್ತಂತೆ. ಅದು ಬಿಸಿ ಇದ್ರೆ ಅವರಿಗೆ ಸೆಕೆ ಆಗ್ಬೇಕಲ್ವಾ?” ಎಂದಳು. ನಾನು ಒಂದು ಕ್ಷಣ ಸುಮ್ಮನೆ ನಿಂತೆ. ಆಮೇಲೆ ಅವಳ ಪ್ರಶ್ನೆಯನ್ನೇ ತರಗತಿಗೆ ಕೇಳಿದೆ. ಗೋಣಿಚೀಲ ಸುತ್ತಿಕೊಂಡು ಬರುವ ಐಸ್ ಗಡ್ಡೆಯ ಮಾತು ಹಿಂದಿನ ಬೆಂಚಿನಿಂದ ತಾನಾಗಿ ಬಂತು. ವಿಕಿರಣ ಮುಟ್ಟುವುದಕ್ಕೇ ಆಗಲಿಲ್ಲ, ಇಪ್ಪತ್ತು ನಿಮಿಷ ಮುಗಿದುಹೋಯಿತು, ಮೌಲ್ಯಮಾಪನ ಇಲ್ಲ, ಮನೆಗೆಲಸ ಇಲ್ಲ. ಕಾಲೇಜಿನಲ್ಲಾಗಿದ್ದರೆ ಅಂಕ ಕಳೆಯುತ್ತಿದ್ದರು. ಸಂಜೆ ಐದಕ್ಕೆ ‘ನಾಳೆಯಿಂದ ಬನ್ನಿ’ ಎಂದರು.

ಇಲ್ಲಿ ಇಂಗ್ಲಿಷಿನ ಮಾತು ಹೇಳಲೇಬೇಕು, ಏಕೆಂದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪ್ರಶಿಕ್ಷಣಾರ್ಥಿಗಳು ಡೆಮೊಗೆ ಹೆದರುವುದು ಹೆಚ್ಚಾಗಿ ಇದಕ್ಕೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟಿತು. ನಮ್ಮ ಬಡಾವಣೆಯ ಖಾಸಗಿ ಶಾಲೆಗಳ ಬೋರ್ಡಿನಲ್ಲಿ ಇಂಗ್ಲಿಷ್ ಮಾಧ್ಯಮ ಎಂದೇ ಇರುತ್ತದೆ. ಒಳಗೆ ಕೂತ ಮಕ್ಕಳ ತಂದೆತಾಯಿ ಪೀಣ್ಯದ ಲೇತ್‌ಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಆಟೋದಲ್ಲಿ ದುಡಿಯುವವರು. ಮನೆಯ ಮಾತು ತುಮಕೂರಿನ ಕನ್ನಡ, ಕಲಬುರಗಿಯ ಕನ್ನಡ, ತೆಲುಗು, ತಮಿಳು, ಉರ್ದು. ಡೆಮೊ ಇಂಗ್ಲಿಷಿನಲ್ಲಿ ಮಾಡಿ ಎಂದು ಕಚೇರಿ ಹೇಳುತ್ತದೆ. ನನ್ನ ಅನುಭವದ ಸಲಹೆ: ವ್ಯಾಖ್ಯೆ, ಪಾರಿಭಾಷಿಕ ಪದ, ಹಲಗೆಯ ಬರಹ ಇಂಗ್ಲಿಷಿನಲ್ಲಿರಲಿ, ಅವನ್ನು ತಪ್ಪಿಲ್ಲದೆ ತಯಾರು ಮಾಡಿಕೊಳ್ಳಿ. ಮಗು ಕನ್ನಡದಲ್ಲಿ ಉತ್ತರಿಸಿದರೆ ಕನ್ನಡದಲ್ಲೇ ಅದನ್ನು ಹಿಡಿದುಕೊಳ್ಳಿ. ಇಂಗ್ಲಿಷ್ ತಡವರಿಸಿತು ಎಂಬ ಕಾರಣಕ್ಕೆ ನಾವು ‘ಬೇಡ’ ಎಂದದ್ದುಂಟು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಪಾಠದ ಇಂಗ್ಲಿಷ್ ಒಪ್ಪಿಸಿ ಹೋದವರಿಗೆ ‘ಬೇಡ’ ಎಂದದ್ದು ಅದಕ್ಕಿಂತ ಹೆಚ್ಚು.

ಕಾಲದ ಲೆಕ್ಕವನ್ನೂ ತಿಳಿದಿರಬೇಕು. ಖಾಸಗಿ ಶಾಲೆಗಳಲ್ಲಿ ನೇಮಕಕ್ಕೆ ಎರಡು ಸುಗ್ಗಿ. ಮೊದಲನೆಯದು ಮಾರ್ಚ್‌ನಿಂದ ಮೇ. ಆಗ ಮಕ್ಕಳು ರಜೆಯಲ್ಲಿರುವುದರಿಂದ ಶಿಕ್ಷಕರೇ ಮಕ್ಕಳಂತೆ ಕೂತು ಡೆಮೊ ನೋಡುವುದುಂಟು. ಐವತ್ತು ದಾಟಿದ ಗಣಿತದ ಸರ್ ಕೈಯೆತ್ತಿ “ಮಿಸ್, ಅರ್ಥ ಆಗ್ಲಿಲ್ಲ” ಎಂದರೆ ನಗು ತಡೆದುಕೊಳ್ಳಿ, ಆದರೆ ಉತ್ತರ ಕೊಡಿ. ಎರಡನೆಯದು ಜೂನ್, ಜುಲೈ. ಮೇ ತಿಂಗಳಲ್ಲಿ ಒಪ್ಪಿಕೊಂಡವರು ಬೇರೆಡೆ ಸಿಕ್ಕಿ ಬಿಟ್ಟುಹೋದ ಜಾಗಗಳು. ಫಲಿತಾಂಶ ಬರಲಿ ಎಂದು ಕಾಯುತ್ತಾ ಕೂತರೆ ಎರಡೂ ದಾಟಿಹೋಗುತ್ತವೆ. ‘ಫಲಿತಾಂಶದ ನಿರೀಕ್ಷೆಯಲ್ಲಿ’ ಎಂದು ಬರೆದು, ಹಿಂದಿನ ಸೆಮಿಸ್ಟರ್‌ಗಳ ಅಂಕಪಟ್ಟಿ ಜೋಡಿಸಿ ಕೊಡುವುದರಲ್ಲಿ ಸಂಕೋಚವೇನೂ ಬೇಡ.

ಸರ್ಕಾರಿ ದಾರಿಯ ಬಗ್ಗೆ ಚುಟುಕಾಗಿ. 2023ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಂದರಿಂದ ಐದನೇ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಎಡ್. ಅರ್ಹತೆಯಲ್ಲ. ಆರರಿಂದ ಎಂಟಕ್ಕೆ ಟಿಇಟಿಯ ಎರಡನೇ ಪತ್ರಿಕೆ ಬೇಕು: 150 ಅಂಕ, ಸಾಮಾನ್ಯ ವರ್ಗಕ್ಕೆ ಶೇಕಡಾ 60, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇಕಡಾ 55. ಮೊದಲು ಏಳು ವರ್ಷವಿದ್ದ ಪ್ರಮಾಣಪತ್ರದ ಮಾನ್ಯತೆ 2021ರಿಂದ ಜೀವಮಾನಪೂರ್ತಿ ಎಂದಾಗಿದೆ, ಆದ್ದರಿಂದ ಬಿ.ಎಡ್. ಓದುತ್ತಿರುವಾಗಲೇ ಬರೆದುಬಿಡುವುದು ಜಾಣತನ. ಆದರೆ ಟಿಇಟಿ ಅರ್ಹತೆ ಮಾತ್ರ, ನೇಮಕವಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಮೇ 21 ಮತ್ತು 22ರಂದು ಪರೀಕ್ಷೆ ನಡೆಯಿತು. ಅಂಥ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ನಡುವಿನ ದಾರಿ ಅತಿಥಿ ಶಿಕ್ಷಕರದು. 2025–26ರ ಬಜೆಟ್‌ನಲ್ಲಿ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸುವ ಘೋಷಣೆಯಾಯಿತು. ಆದರೂ ಅದು ಕಾಯಂ ಶಿಕ್ಷಕರು ಬರುವವರೆಗಿನ ಕೆಲಸ. ಅನುಭವಕ್ಕೆ ಒಳ್ಳೆಯದು, ಮನೆ ಬಾಡಿಗೆಗೆ ಕಷ್ಟ.

ಈಗ, ‘ನಾಳೆಯಿಂದ ಬನ್ನಿ’ ಎಂದ ಮೇಲಿನ ಮಾತು. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಆ ಶಾಲೆಗೆ ಸೇರಿದ ದಿನ ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿ.ಎಸ್ಸಿ. ಮೂಲ ಅಂಕಪಟ್ಟಿಗಳನ್ನು ಕಚೇರಿಗೆ ಕೊಡಬೇಕೆಂದರು. “ಎಲ್ಲರದ್ದೂ ಇಲ್ಲೇ ಇದೆ, ವರ್ಷದ ಕೊನೆಗೆ ವಾಪಸ್” ಎಂದರು. ಕೆಲಸ ಸಿಕ್ಕ ಖುಷಿಯಲ್ಲಿ ಕೊಟ್ಟೆ. ರಸೀದಿ ಕೇಳಲಿಲ್ಲ. ನೇಮಕಾತಿ ಪತ್ರವನ್ನೂ ಕೇಳಲಿಲ್ಲ. ಕೇಳಿದರೆ ಜಂಬದವಳು ಎಂದುಕೊಂಡಾರು ಎಂಬ ಭಯ. ನವೆಂಬರ್‌ನಲ್ಲಿ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ತಾತ್ಕಾಲಿಕ ಜಾಗವಿದೆ, ಮೂಲ ದಾಖಲೆಗಳೊಂದಿಗೆ ಸೋಮವಾರ ಬನ್ನಿ ಎಂದು ನನ್ನ ಹಳೆಯ ಉಪನ್ಯಾಸಕರು ತಿಳಿಸಿದರು. ಕಚೇರಿಯಲ್ಲಿ ಕೇಳಿದೆ. ನಡುವರ್ಷದಲ್ಲಿ ಬಿಡುವುದಾದರೆ ಮೂರು ತಿಂಗಳ ಸಂಬಳ ಕಟ್ಟಿ ತೆಗೆದುಕೊಂಡು ಹೋಗಿ ಎಂದರು. ನನ್ನ ಸಂಬಳ ಒಂಬತ್ತು ಸಾವಿರ. ಅಪ್ಪ ಆಗ ಆಸ್ಪತ್ರೆಯಿಂದ ಬಂದು ಮನೆಯಲ್ಲಿದ್ದರು. ಇಪ್ಪತ್ತೇಳು ಸಾವಿರ ಎಲ್ಲಿಂದ ತರಲಿ? ಸೋಮವಾರ ಎಂದಿನಂತೆ ಅದೇ ಶಾಲೆಗೆ ಹೋಗಿ ಮೊದಲ ಅವಧಿ ತೆಗೆದುಕೊಂಡೆ. ಅಂಕಪಟ್ಟಿಗಳು ಏಪ್ರಿಲ್‌ನಲ್ಲಿ ಸಿಕ್ಕವು, ಒಂದರ ಮೂಲೆ ಇಲಿ ಕಡಿದಿತ್ತು.

ಮಕ್ಕಳ ಮೇಲೆ ನನಗೆ ಬೇಸರವಿರಲಿಲ್ಲ, ಆ ವರ್ಷ ನಾನು ಕಲಿತಷ್ಟು ಬೇರೆ ಯಾವ ವರ್ಷವೂ ಕಲಿತಿಲ್ಲ. ಆದರೆ ಆ ಸೋಮವಾರ ಇಂದಿಗೂ ನೆನಪಿದೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೂಲ ದಾಖಲೆಗಳನ್ನು ತೋರಿಸುವುದು ಬೇರೆ, ಒಪ್ಪಿಸುವುದು ಬೇರೆ. ಪರಿಶೀಲನೆಗೆ ಮೇಜಿನ ಮೇಲಿಡಿ, ಅವರು ನೋಡಲಿ, ಸ್ವಯಂ ದೃಢೀಕರಿಸಿದ ನಕಲು ಕೊಡಿ, ಮೂಲವನ್ನು ಅದೇ ಫೈಲಿನಲ್ಲಿ ವಾಪಸ್ ತನ್ನಿ. ‘ಟಿಇಟಿಗೆ ಬೇಕಾಗುತ್ತದೆ’ ಎಂದರೆ ಸುಳ್ಳೂ ಅಲ್ಲ, ಒರಟೂ ಅಲ್ಲ. ಪಟ್ಟು ಬಿಡದಿದ್ದರೆ, ಪಡೆದ ಪ್ರತಿ ದಾಖಲೆಯ ಹೆಸರು ಬರೆದ, ಮೊಹರು ಹಾಕಿದ ರಸೀದಿ ಕೇಳಿ. ಅದನ್ನೂ ಕೊಡದವರ ಬಳಿ ಕೆಲಸ ಮಾಡಬೇಕೇ ಎಂದು ಮನೆಯವರ ಜೊತೆ ಕೂತು ಯೋಚಿಸಿ. ಬೇಡ ಎಂದು ನಾನು ಸುಲಭವಾಗಿ ಹೇಳಲಾರೆ. ಆ ಒಂಬತ್ತು ಸಾವಿರ ನಮ್ಮ ಮನೆಗೆ ಬೇಕಾಗಿತ್ತು.

ನೇಮಕಾತಿ ಪತ್ರ ಕೇಳುವುದು ಜಂಬವಲ್ಲ. ಹುದ್ದೆ, ಸಂಬಳ, ಪರೀಕ್ಷಾವಧಿ, ಬಿಡಲು ಕೊಡಬೇಕಾದ ನೋಟಿಸು, ಇಷ್ಟು ಅದರಲ್ಲಿರಲಿ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು ತಡೆಯುತ್ತದೆ, 94ನೇ ಕಲಂ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಆದರೆ ನೀವು ಅಲ್ಲಿ ನೌಕರರಾಗಿದ್ದಿರಿ ಎಂದು ತೋರಿಸುವ ಕಾಗದವೇ ಇಲ್ಲದಿದ್ದರೆ ಮೇಲ್ಮನವಿ ಎಲ್ಲಿಂದ ಶುರುವಾಗಬೇಕು? ಸಂಬಳ ಬ್ಯಾಂಕ್ ಖಾತೆಗೆ ಬರುವಂತೆ ಕೇಳಿ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಭವಿಷ್ಯನಿಧಿ ಅನ್ವಯಿಸುತ್ತದೆ, ನಿಮ್ಮಿಂದ ಹಿಡಿಯುವ ಶೇಕಡಾ 12ಕ್ಕೆ ಸಮನಾಗಿ ಸಂಸ್ಥೆಯೂ ಕಟ್ಟಬೇಕು. ಹನ್ನೆರಡು ಅಂಕಿಯ ಯುಎಎನ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಅನುಭವದ ಪತ್ರ ಕೊಡಲು ಸತಾಯಿಸಿದರೂ ಆ ಖಾತೆಯಲ್ಲಿ ನೀವು ದುಡಿದ ತಿಂಗಳುಗಳ ದಾಖಲೆ ಉಳಿದಿರುತ್ತದೆ.

ಇನ್ನು ಬೋಧಕ ಮಿತ್ರರಲ್ಲಿ ಒಂದು ವಿನಂತಿ. ಇಂಟರ್ನ್‌ಶಿಪ್‌ನ ಹದಿನಾರು ವಾರಗಳ ಕೊನೆಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಗೂ ಒಂದು ‘ಅಪರಿಚಿತ ಪಾಠ’ ಮಾಡಿಸಿ ನೋಡೋಣ. ಅವರು ಕಲಿಸದ ವಿಭಾಗ, ಹಿಂದಿನ ದಿನ ಕೊಟ್ಟ ವಿಷಯ, ಹದಿನೈದು ನಿಮಿಷ, ಚಾರ್ಟ್ ಇಲ್ಲ. ಪಾಠ ಮುಗಿದ ಮೇಲೆ ಅಂಕದ ಹಾಳೆ ತೆಗೆಯುವ ಮೊದಲು ಒಂದೇ ಪ್ರಶ್ನೆ: ಯಾವ ಮಗು ಯಾವ ತಪ್ಪು ಹೇಳಿತು, ಆ ತಪ್ಪಿನ ಹಿಂದೆ ಏನು ಯೋಚನೆ ಇದ್ದಿರಬಹುದು? ಕಳೆದ ವರ್ಷ ನಮ್ಮ ಶಾಲೆಗೆ ಬಂದಿದ್ದ ಆರು ಜನರಿಗೆ ನಾನು ಇದನ್ನು ಮಾಡಿಸಿದೆ. ಮೊದಲ ದಿನ ಐವರಿಗೆ ಒಂದು ಮಗುವಿನ ಮಾತೂ ನೆನಪಿರಲಿಲ್ಲ. ಬೈಯಲಿಲ್ಲ, ಎರಡು ದಿನ ಬಿಟ್ಟು ಮತ್ತೆ ಮಾಡಿಸಿದೆ. ಸೂಕ್ಷ್ಮ ಬೋಧನೆಯ ಆ ಹನ್ನೆರಡು ನಿಮಿಷದ ಮರುಯೋಜನೆಗೆ ಅರ್ಥ ಬಂದದ್ದು ಆಗ. ಇದರ ಜೊತೆಗೇ ಒಂದು ಅವಧಿಯನ್ನು ನೇಮಕಾತಿ ಪತ್ರದ ಒಂದು ಮಾದರಿ ಓದುವುದಕ್ಕೆ ಇಟ್ಟರೆ ಪಠ್ಯಕ್ರಮಕ್ಕೆ ನಷ್ಟವಿಲ್ಲ.

ಆ ಆರು ಜನರಲ್ಲಿ ಒಬ್ಬಳು ಈ ಜೂನ್‌ನಲ್ಲಿ ಅಂಜನಾನಗರದ ಕಡೆಯ ಒಂದು ಶಾಲೆಗೆ ಡೆಮೊ ಕೊಟ್ಟು ಬಂದು ಸಂಜೆ ಫೋನ್ ಮಾಡಿದಳು. ಭಿನ್ನರಾಶಿಯ ಪಾಠ. ಒಬ್ಬ ಹುಡುಗ ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಎಂದನಂತೆ. “ಮೇಲೆ ಮೇಲೆ ಕೂಡಿಸಿದಾನೆ, ಕೆಳಗೆ ಕೆಳಗೆ ಕೂಡಿಸಿದಾನೆ ಮೇಡಂ. ಐದನೇ ಎರಡು ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಕೇಳ್ದೆ. ಒಂದು ನಿಮಿಷ ಯೋಚಿಸಿ ‘ಚಿಕ್ಕದು’ ಅಂದು ತಾನೇ ನಕ್ಕುಬಿಟ್ಟ” ಎಂದಳು. ಕೆಲಸ ಆಯಿತೇ ಎಂದು ಕೇಳಿದೆ. ಎರಡು ದಿನದಲ್ಲಿ ತಿಳಿಸುತ್ತಾರಂತೆ. ಮೂಲ ಅಂಕಪಟ್ಟಿ ಕೇಳಿದರಂತೆ. ತೋರಿಸಿ, ವಾಪಸ್ ತಂದಿದ್ದಾಳೆ.